ಕೊಳ್ಳಿದೆವ್ವದಿಂದ ಹಾರುವ ತಟ್ಟೆಯವರೆಗೆ: ಮಲೆನಾಡಿನ ರಾತ್ರಿ ಬೆಳಕುಗಳ ಬಗ್ಗೆ ಒಂದು ಚರ್ಚೆ

ತೀರ್ಥಹಳ್ಳಿ ಓದುಗ

ನಮ್ಮ ಅಜ್ಜಿಯ ಕಾಲದಲ್ಲಿ ರಾತ್ರಿ ಗದ್ದೆ ಬಯಲಲ್ಲಿ ಬೆಳಕು ಕಂಡರೆ ಅದು ಕೊಳ್ಳಿದೆವ್ವ. ಈಗ ಅದೇ ಬಯಲಿನ ಮೇಲೆ ಬೆಳಕು ಕಂಡರೆ ಹುಡುಗರು ಮೊಬೈಲ್ ಎತ್ತಿ ‘ಯುಎಫ್‌ಒ’ (ಗುರುತು ಸಿಗದ ಹಾರುವ ವಸ್ತು) ಅಂತ ಸ್ಟೇಟಸ್ ಹಾಕುತ್ತಾರೆ. ಕಣ್ಣಿಗೆ ಬಿದ್ದದ್ದು ಬೆಳಕು, ಅಷ್ಟೇ. ಉಳಿದದ್ದೆಲ್ಲ ಮೊದಲೇ ಕೇಳಿದ ಕಥೆಯಿಂದ ಬರುತ್ತದೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಈ ಹಾರುವ ತಟ್ಟೆಯ ಕಥೆ ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು ಅಂತ ಕೆಲವು ತಿಂಗಳಿಂದ ಓದುತ್ತಿದ್ದೇನೆ. ಓದಿದ್ದನ್ನು ಇಲ್ಲಿ ಇಡುತ್ತೇನೆ. ನಿಮ್ಮೂರ ಕಥೆಗಳನ್ನೂ ಹೇಳಿ.

1947ರ ಜೂನ್ 24. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕೆನೆತ್ ಆರ್ನಲ್ಡ್ ಎಂಬ ವ್ಯಾಪಾರಿ ತನ್ನ ಸಣ್ಣ ವಿಮಾನದಲ್ಲಿ ಹೋಗುತ್ತಿದ್ದ. ಮೌಂಟ್ ರೇನಿಯರ್ ಪರ್ವತದ ಬಳಿ ಒಂಬತ್ತು ಹೊಳೆಯುವ ವಸ್ತುಗಳು ಸಾಲಾಗಿ ಹಾರಿಹೋದವು. ನೀರಿನ ಮೇಲೆ ತಟ್ಟೆ ಎಸೆದರೆ ಪುಟಿದು ಪುಟಿದು ಹೋಗುತ್ತದಲ್ಲ, ಹಾಗೆ ಹೋದವು ಅಂದ. ಅವನು ಹೇಳಿದ್ದು ಓಟದ ಬಗ್ಗೆ. ಪತ್ರಿಕೆಗಳು ಅದನ್ನೇ ಆಕಾರ ಅಂದುಕೊಂಡು ‘ಹಾರುವ ತಟ್ಟೆ’ ಅಂತ ಬರೆದವು. ಅವನು ಬಿಡಿಸಿಕೊಟ್ಟ ಚಿತ್ರದಲ್ಲಿ ವಸ್ತು ಪೂರ್ತಿ ದುಂಡಗಿರಲೂ ಇಲ್ಲ, ಹಿಂಭಾಗ ಮೊನಚಾಗಿತ್ತು. ಆದರೂ ಆ ಬೇಸಿಗೆಯಲ್ಲಿ ಅಮೆರಿಕದ ಮೂಲೆಮೂಲೆಯ ಜನ ನೋಡಿದ್ದು ತಟ್ಟೆಗಳನ್ನೇ. ಪತ್ರಿಕೆ ಮಾಡಿದ ತಪ್ಪಿನ ಪ್ರಕಾರ ಆಕಾಶ ಯಾಕೆ ನಡೆದುಕೊಳ್ಳಬೇಕು, ಹೇಳಿ?

ಇನ್ನೂ ಹಿಂದಕ್ಕೆ ಹೋದರೆ 1896-97ರಲ್ಲಿ ಕ್ಯಾಲಿಫೋರ್ನಿಯಾದಿಂದ ಶುರುವಾಗಿ ಅದೇ ದೇಶದಲ್ಲಿ ‘ಗಾಳಿ ಹಡಗು’ ಕಂಡ ಸುದ್ದಿಗಳು ಹಬ್ಬಿದ್ದವು. ಮುಂದೆ ದೊಡ್ಡ ದೀಪ, ರೆಕ್ಕೆ, ತಿರುಗುವ ಪಂಖ. ಯಾರೋ ಗುಟ್ಟಾಗಿ ಯಂತ್ರ ಮಾಡಿದ್ದಾರೆ ಅಂತ ಹೆಚ್ಚಿನವರು ನಂಬಿದರು. ಅದು ಹೊಸ ಯಂತ್ರಗಳ ಕಾಲ. 1561ರ ಏಪ್ರಿಲ್‌ನಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಬೆಳಗಿನ ಸೂರ್ಯನ ಸುತ್ತ ಗೋಳ, ಶಿಲುಬೆ, ಕೊಳವೆಗಳು ಕಾದಾಡಿದವು ಅಂತ ಒಂದು ಅಚ್ಚಾದ ಹಾಳೆ ಇದೆ. ಅವರಿಗೆ ಅದು ದೇವರ ಎಚ್ಚರಿಕೆ. ಒಂಬತ್ತನೇ ಶತಮಾನದ ಫ್ರಾನ್ಸ್‌ನಲ್ಲಿ ಲಿಯೋನ್‌ನ ಬಿಷಪ್ ಅಗೊಬಾರ್ಡ್ ಬರೆದದ್ದು ಇನ್ನೂ ವಿಚಿತ್ರ. ‘ಮಗೋನಿಯಾ’ ಎಂಬ ದೇಶದಿಂದ ಮೋಡದಲ್ಲಿ ಹಡಗು ಬರುತ್ತವೆ, ಆಲಿಕಲ್ಲಿಗೆ ಉದುರಿದ ಬೆಳೆಯನ್ನು ತುಂಬಿಕೊಂಡು ಹೋಗುತ್ತವೆ ಅಂತ ರೈತರು ನಂಬಿದ್ದರಂತೆ. ಆ ಹಡಗಿನಿಂದ ಬಿದ್ದವರು ಅಂತ ಮೂವರು ಗಂಡಸರು, ಒಬ್ಬಳು ಹೆಂಗಸನ್ನು ಸಂಕೋಲೆ ಹಾಕಿ, ಕಲ್ಲು ಹೊಡೆದು ಕೊಲ್ಲಲು ತಂದಿದ್ದರು. ಬಿಷಪ್ ವಾದಿಸಿ ಅದನ್ನು ತಡೆದ.

ರೈತನಿಗೆ ಬೆಳೆ ಕಳ್ಳ, ಭಕ್ತನಿಗೆ ದೇವರ ಸಿಟ್ಟು, ಯಂತ್ರಯುಗದವನಿಗೆ ಯಂತ್ರ. ನಮ್ಮ ಮಲೆನಾಡಿನವರಿಗೆ?

ಸಾಗರದ ಮೇಷ್ಟ್ರು

ನಮ್ಮವರಿಗೆ ಕೊಳ್ಳಿದೆವ್ವವೇ. ಹಡ್ಲು ಬಿದ್ದ ಗದ್ದೆ, ಕೆರೆಯ ಕೆಳಗಿನ ಜೌಗು, ಹೊಳೆ ದಂಡೆ, ಈ ಜಾಗಗಳಲ್ಲೇ ಜಾಸ್ತಿ. ಯಾರೋ ಕೊಳ್ಳಿ ಹಿಡಿದು ಹೋದ ಹಾಗೆ ಕಾಣುತ್ತದೆ, ನಾವು ಹತ್ತಿರ ಹೋದರೆ ಅದು ದೂರ ಹೋಗುತ್ತದೆ. ಬಂಗಾಳದಲ್ಲಿ ಇದಕ್ಕೆ ಆಲೇಯಾ ಅನ್ನುತ್ತಾರೆ, ಕಛ್‌ನ ಬನ್ನಿ ಹುಲ್ಲುಗಾವಲಲ್ಲಿ ಚಿರ್ ಬತ್ತಿ.

ನಾವು ವಿಜ್ಞಾನ ಮೇಷ್ಟ್ರುಗಳು ‘ಅದು ಜೌಗಿನ ಅನಿಲ, ಮೀಥೇನ್’ ಅಂತ ಒಂದೇ ಮಾತಲ್ಲಿ ಮುಗಿಸುತ್ತೇವೆ. ಜೌಗಿನಿಂದ ಮೀಥೇನ್ ಬರುವುದು ನಿಜ. 1776ರಲ್ಲಿ ವೋಲ್ಟಾ ಇಟಲಿಯ ಸರೋವರದ ಕೆಸರು ಕದಡಿ ಅದನ್ನು ಹಿಡಿದಿದ್ದ. ಆದರೆ ಅದು ತಾನಾಗಿ ಹೊತ್ತಿಕೊಳ್ಳುವುದು ಹೇಗೆ, ತಣ್ಣಗಿನ ಬೆಳಕಾಗಿ ತೇಲುವುದು ಹೇಗೆ ಅನ್ನುವುದು ಅಷ್ಟು ಸುಲಭದ ಪ್ರಶ್ನೆ ಅಲ್ಲ. ಮಳೆಗಾಲದಲ್ಲಿ ಕೊಳೆತ ಮರದ ಮೇಲೆ ಬೆಳಗುವ ಅಣಬೆ ನಮ್ಮ ಕಾಡಲ್ಲೇ ಇದೆ. ಮುಂಗಾರಿಗೆ ಮುಂಚೆ ಮಿಣುಕುಹುಳಗಳು ಮರಕ್ಕೆ ಮರವೇ ಬೆಳಗುತ್ತವೆ. ಕಂಬಳಿಕೊಪ್ಪೆ ಹಾಕಿಕೊಂಡು ಸೂಡಿ ಹಿಡಿದು ಗದ್ದೆ ಕಾಯಲು ಹೋದ ಮನುಷ್ಯನೂ ದೂರದಿಂದ ಬರೀ ಬೆಂಕಿ. ಎಲ್ಲದಕ್ಕೂ ಒಂದೇ ಉತ್ತರ ಇರಬೇಕಾಗಿಲ್ಲ.

ಯುಎಫ್‌ಒ ಚರಿತ್ರೆಯಲ್ಲೂ ಈ ಜೌಗಿನ ಅನಿಲ ದೊಡ್ಡ ಗಲಾಟೆ ಮಾಡಿದೆ. 1966ರ ಮಾರ್ಚ್‌ನಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಡೆಕ್ಸ್‌ಟರ್ ಮತ್ತು ಹಿಲ್ಸ್‌ಡೇಲ್‌ನಲ್ಲಿ ಜೌಗು ನೆಲದ ಮೇಲೆ ಬೆಳಕು ಕಂಡ ಸುದ್ದಿ ಬಂತು. ಒಂದು ಕಡೆ ರೈತ ಕುಟುಂಬ, ಇನ್ನೊಂದು ಕಡೆ ಕಾಲೇಜು ಹಾಸ್ಟೆಲ್‌ನ ಹುಡುಗಿಯರು. ವಾಯುಪಡೆ ಖಗೋಳ ವಿಜ್ಞಾನಿ ಜೆ. ಅಲೆನ್ ಹೈನೆಕ್‌ರನ್ನು ಕಳಿಸಿತು. ಕೆಲವೇ ದಿನ ಓಡಾಡಿ ಅವರು ಪತ್ರಿಕಾಗೋಷ್ಠಿಯಲ್ಲಿ ಜೌಗಿನ ಅನಿಲ ಇರಬಹುದು ಅಂದರು. ಜನ ಸಿಟ್ಟಾದರು. ನಮ್ಮನ್ನು ದಡ್ಡರು ಅಂದುಕೊಂಡಿದ್ದೀರಾ ಅಂತ ಕೇಳಿದರು. ಆ ರಾಜ್ಯದ ಸಂಸದ, ಮುಂದೆ ಅಧ್ಯಕ್ಷರೂ ಆದ ಜೆರಾಲ್ಡ್ ಫೋರ್ಡ್, ಸಂಸತ್ತೇ ವಿಚಾರಣೆ ಮಾಡಬೇಕು ಅಂತ ಪಟ್ಟು ಹಿಡಿದರು. ಸರ್ಕಾರ ಏನೋ ಮುಚ್ಚಿಡುತ್ತಿದೆ ಅನ್ನುವ ನಂಬಿಕೆ ಅಲ್ಲಿಂದ ಇನ್ನಷ್ಟು ಗಟ್ಟಿಯಾಯಿತು. ಹೈನೆಕ್ ಕೂಡ ನಿಧಾನಕ್ಕೆ ಬದಲಾದರು. ಸಾಕ್ಷಿಗಳ ಮಾತನ್ನು ಕೇಳಿಸಿಕೊಳ್ಳಬೇಕು ಅಂತ ವಾದಿಸುವವರಾದರು.

ಇದನ್ನು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ಉತ್ತರ ಸರಿಯಿದ್ದರೂ ಅವಸರದಲ್ಲಿ ಎಸೆದರೆ ಯಾರೂ ತೆಗೆದುಕೊಳ್ಳುವುದಿಲ್ಲ.

ಭದ್ರಾವತಿಯಿಂದ

ಮೇಷ್ಟ್ರೇ, ಕೊನೆಯ ಮಾತು ಒಪ್ಪಿದೆ. ಆದರೆ ಎಲ್ಲವನ್ನೂ ಕಥೆ ಅಂತ ತಳ್ಳಿಹಾಕಬೇಡಿ. ಅಮೆರಿಕದ ವಾಯುಪಡೆ 1969ರವರೆಗೆ ಕಲೆಹಾಕಿದ ವರದಿಗಳು 12,618. ಅದರಲ್ಲಿ 701ಕ್ಕೆ ಅವರ ಬಳಿಯೂ ಉತ್ತರ ಇರಲಿಲ್ಲ. 2021ರ ಜೂನ್‌ನಲ್ಲಿ ಅವರದೇ ಗುಪ್ತಚರ ಇಲಾಖೆ 144 ಪ್ರಕರಣ ನೋಡಿ, ಒಂದನ್ನು ಮಾತ್ರ ಗಾಳಿ ಹೋಗುತ್ತಿದ್ದ ಬಲೂನು ಅಂತ ಖಚಿತವಾಗಿ ಹೇಳಿತು. ಹೇಳಿದವರಲ್ಲಿ ನೌಕಾಪಡೆಯ ಪೈಲಟ್‌ಗಳಿದ್ದಾರೆ. ಅವರಿಗೂ ಅಜ್ಜಿ ಕಥೆ ಹೇಳಿತ್ತಾ?

ಇನ್ನೊಂದು. ನಮ್ಮ ಪುರಾಣಗಳಲ್ಲಿ ವಿಮಾನ ಇತ್ತು. ಭರದ್ವಾಜರ ವೈಮಾನಿಕ ಶಾಸ್ತ್ರ ಇದೆ, ಅದರಲ್ಲಿ ಯಂತ್ರದ ಚಿತ್ರಗಳೂ ಇವೆ. ಅದನ್ನು ಯಾಕೆ ಯಾರೂ ಎತ್ತುತ್ತಿಲ್ಲ?

ರಾತ್ರಿ ಆಕಾಶ, ಶಿವಮೊಗ್ಗ

ನಾನು ದೂರದರ್ಶಕ ಇಟ್ಟುಕೊಂಡು ಆಕಾಶ ನೋಡುವವನು. 701 ಅನ್ನುವ ಸಂಖ್ಯೆ ಬಗ್ಗೆ ಒಂದು ಮಾತು. ‘ಗುರುತು ಸಿಗಲಿಲ್ಲ’ ಅಂದರೆ ಮಾಹಿತಿ ಸಾಲಲಿಲ್ಲ ಅಂತಲೂ ಆಗಬಹುದು. 2021ರ ವರದಿಯಲ್ಲೂ ಮಾಹಿತಿಯ ಕೊರತೆಯನ್ನೇ ಎತ್ತಿ ಹೇಳಿದ್ದಾರೆ.

ಪೈಲಟ್‌ಗಳಂಥ ತರಬೇತಿ ಪಡೆದವರಿಗೂ ಕಣ್ಣು ಮೋಸ ಮಾಡುತ್ತದೆಯೇ ಅಂತ ಕೇಳಿದಿರಿ. ನಮ್ಮ ದೇಶದ್ದೇ ಉದಾಹರಣೆ ಇದೆ. ಲಡಾಖ್ ಗಡಿಯಲ್ಲಿ 2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ನಮ್ಮ ಸೈನಿಕರು ಆಕಾಶದಲ್ಲಿ ಬೆಳಕು ಕಂಡದ್ದನ್ನು 329 ಸಲ ದಾಖಲಿಸಿದರು. ಅದರಲ್ಲಿ 155 ಸಲ ಅವು ಗಡಿ ದಾಟಿ ಬಂದವು ಅಂತ ಬರೆದರು. ಚೀನಾದ ಡ್ರೋನ್ ಇರಬೇಕು ಅನ್ನುವ ಅನುಮಾನ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳನ್ನು ಕರೆಸಿದರು. ಅವರು ದಿಕ್ಕು, ಎತ್ತರ, ಹೊತ್ತು ಅಳೆದು ನೋಡಿ ಒಂದು ಗುರು, ಇನ್ನೊಂದು ಶುಕ್ರ ಅಂದರು. ಎತ್ತರದ ತಿಳಿಗಾಳಿಯಲ್ಲಿ ಗ್ರಹಗಳು ಬಹಳ ಪ್ರಖರವಾಗಿ ಕಾಣುತ್ತವೆ. ಸೈನಿಕರು ದಡ್ಡರಲ್ಲ. ಗಡಿಯಲ್ಲಿ ನಿಂತವನ ಮನಸ್ಸಲ್ಲಿ ಇರುವ ಕಥೆಯೇ ಶತ್ರುವಿನದು.

ಅಂದಹಾಗೆ, ಈಗ ನಮ್ಮ ಕಡೆ ಓಡಾಡುವ ‘ರೈಲಿನ ಹಾಗೆ ಹೋಗುವ ದೀಪಗಳು’ ವಿಡಿಯೊಗಳಲ್ಲಿ ಬಹಳಷ್ಟು ಇಂಟರ್‌ನೆಟ್ ಕೊಡುವ ಸ್ಟಾರ್‌ಲಿಂಕ್ ಉಪಗ್ರಹಗಳು. 2019ರ ಮೇ ತಿಂಗಳಲ್ಲಿ ಮೊದಲ 60 ಉಪಗ್ರಹಗಳನ್ನು ಒಟ್ಟಿಗೆ ಹಾರಿಸಿದರು. ಹಾರಿಸಿದ ಮೊದಲ ಕೆಲವು ದಿನ ಅವು ಒಂದರ ಹಿಂದೆ ಒಂದು ಸಾಲಾಗಿ ಹೋಗುತ್ತವೆ, ಆಮೇಲೆ ಚದುರಿ ಮೇಲೇರುತ್ತವೆ. ಸಂಜೆ ಕತ್ತಲಾದ ಮೇಲೆ ಒಂದೆರಡು ಗಂಟೆ, ಬೆಳಗಿನ ಜಾವ ಒಂದೆರಡು ಗಂಟೆ ಕಾಣುವುದು ಜಾಸ್ತಿ. ನಮಗೆ ಕತ್ತಲಾಗಿದ್ದರೂ ಅಷ್ಟು ಎತ್ತರದಲ್ಲಿ ಬಿಸಿಲು ಇನ್ನೂ ಇರುತ್ತದೆ.

ಹಳೇ ಇಂಜಿನಿಯರ್

ವೈಮಾನಿಕ ಶಾಸ್ತ್ರದ ಬಗ್ಗೆ ನಾನು ಹೇಳುತ್ತೇನೆ. ಅದು ನಮ್ಮ ಕರ್ನಾಟಕದ್ದೇ ಕಥೆ. ಗೌರವದಿಂದಲೇ ಹೇಳಬೇಕಾದ ಕಥೆ ಕೂಡ.

ಆನೇಕಲ್‌ನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ತಮಗೆ ಭರದ್ವಾಜ ಮಹರ್ಷಿಯಿಂದ ಹೊಳೆದದ್ದು ಅಂತ ಸಂಸ್ಕೃತ ಶ್ಲೋಕಗಳನ್ನು ಹೇಳುತ್ತಾ ಹೋದರು. 1918ರಿಂದ 1923ರವರೆಗೆ ವೆಂಕಟಾಚಲ ಶರ್ಮರು ಬರೆದುಕೊಂಡರು. ಎಲ್ಲಪ್ಪ ಎಂಬ ನಕ್ಷೆಗಾರರು ಶಾಸ್ತ್ರಿಗಳು ಹೇಳಿದ ಹಾಗೆ ಚಿತ್ರ ಬಿಡಿಸಿದರು. ಶಕುನ, ಸುಂದರ, ರುಕ್ಮ, ತ್ರಿಪುರ ಅಂತ ನಾಲ್ಕು ವಿಮಾನ. 1950ರ ದಶಕದಲ್ಲಿ ಮೈಸೂರಿನ ಜಿ.ಆರ್. ಜೋಸಯರ್ ಈ ಹಸ್ತಪ್ರತಿಯನ್ನು ಬೆಳಕಿಗೆ ತಂದರು, 1973ರಲ್ಲಿ ಇಂಗ್ಲಿಷ್ ಅನುವಾದ ಬಂತು.

ಮರುವರ್ಷ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಸಂಗಡಿಗರು ಅದನ್ನು ಸಾಲು ಸಾಲಾಗಿ ಓದಿ ಲೇಖನ ಬರೆದರು. ಸುಮ್ನೆ ಗೇಲಿ ಮಾಡಿ ಬಿಡಲಿಲ್ಲ. ಭಾಷೆ ನೋಡಿದರು, ಅಳತೆಗಳನ್ನು ಲೆಕ್ಕ ಹಾಕಿದರು, ಭಾರ ಎತ್ತುವ ಬಲ ಎಲ್ಲಿಂದ ಬರುತ್ತದೆ ಅಂತ ಕೇಳಿದರು. ಸಂಸ್ಕೃತ ಸರಳವಾದ ಇತ್ತೀಚಿನದು, ಗ್ರಂಥ 20ನೇ ಶತಮಾನಕ್ಕಿಂತ ಹಿಂದಿನದಲ್ಲ, ಹೇಳಿದ ಯಾವ ವಿಮಾನವೂ ಹಾರಲಾರದು ಅನ್ನುವುದು ಅವರ ತೀರ್ಮಾನ. ಚಿತ್ರಗಳಲ್ಲಿ ಆ ಕಾಲದ ಯಂತ್ರಗಳ ಛಾಯೆ ಕಾಣುತ್ತದೆ.

ರೈಟ್ ಸಹೋದರರು ಹಾರಿದ್ದು 1903ರ ಡಿಸೆಂಬರ್‌ನಲ್ಲಿ. ಆಮೇಲಿನ ಇಪ್ಪತ್ತು ವರ್ಷ ಜಗತ್ತಿಗೆಲ್ಲ ವಿಮಾನದ ಗುಂಗು. ಪರಕೀಯರ ಆಳ್ವಿಕೆಯಲ್ಲಿದ್ದ ಒಬ್ಬ ಬಡ ಪಂಡಿತರಿಗೆ ‘ಇದು ನಮ್ಮಲ್ಲಿ ಮೊದಲೇ ಇತ್ತು’ ಅನ್ನಿಸಿದ್ದು ನನಗೆ ಅರ್ಥವಾಗುತ್ತದೆ. ಅವರನ್ನು ಮೋಸಗಾರ ಅನ್ನಲು ನನ್ನ ಬಾಯಿ ಬರುವುದಿಲ್ಲ. ಆದರೆ ಅದನ್ನು ಸಾವಿರಾರು ವರ್ಷ ಹಿಂದಿನ ಇಂಜಿನಿಯರಿಂಗ್ ಅಂತ ಮಕ್ಕಳಿಗೆ ಕಲಿಸಿದರೆ ತಪ್ಪಾಗುತ್ತದೆ. 1968ರಲ್ಲಿ ಎರಿಕ್ ಫಾನ್ ಡಾನಿಕನ್ ‘ದೇವರುಗಳೆಲ್ಲ ಬೇರೆ ಗ್ರಹದವರು’ ಅನ್ನುವ ವಾದವನ್ನು ಜಗತ್ತಿಗೆಲ್ಲ ಹಂಚಿದ ಮೇಲೆ ನಮ್ಮ ಪುರಾಣಗಳನ್ನೂ ಆ ಸಾಲಿಗೆ ಎಳೆದರು. ಅದರಿಂದ ನಮ್ಮ ಕವಿಗಳಿಗೆ ನಷ್ಟವೇ ಆಯಿತು. ಕವಿ ಕಲ್ಪಿಸಿದ್ದನ್ನೆಲ್ಲ ವರದಿಗಾರ ಬರೆದದ್ದು ಅಂದರೆ ಕವಿಗೆ ಉಳಿಯುವುದೇನು?

ಬಣ್ಣದ ವೇಷ

ಕೊನೆಯ ಸಾಲಿಗೆ ಕೈ ಮುಗಿದೆ. ಯಕ್ಷಗಾನದ ಕಡೆಯಿಂದ ಒಂದು ಮಾತು. ಸಾಲ್ವ ರಾಜ ಸೌಭವೆಂಬ ಹಾರುವ ಪಟ್ಟಣದಲ್ಲಿ ಕೂತು ದ್ವಾರಕೆಯ ಮೇಲೆ ಯುದ್ಧಕ್ಕೆ ಬರುತ್ತಾನೆ, ಕೃಷ್ಣ ಅದನ್ನು ಒಡೆಯುತ್ತಾನೆ. ಮಹಾಭಾರತದ ವನಪರ್ವದಲ್ಲಿದೆ. ಇದನ್ನು ರಂಗಕ್ಕೆ ತರಲು ನಮಗೆ ಯಂತ್ರ ಬೇಕಾಗಿಲ್ಲ. ಭಾಗವತರ ಪದ, ಚೆಂಡೆಯ ಪೆಟ್ಟು, ಒಂದು ಮಂಡಿ ತಿರುಗಿದರೆ ಪಟ್ಟಣ ಹಾರಿತು. ಬಣ್ಣದ ವೇಷ ಬರುವಾಗ ದೊಂದಿಗೆ ರಾಳದ ಪುಡಿ ಎಸೆಯುತ್ತಿದ್ದರು, ಬೆಂಕಿ ಭಗ್ ಅಂತ ಮೇಲೇಳುತ್ತಿತ್ತು. ಆ ಬೆಳಕಲ್ಲಿ ರಾಕ್ಷಸನನ್ನು ಕಂಡು, ಆಟ ಮುಗಿಸಿ ಕಾಡುದಾರಿಯಲ್ಲಿ ಮನೆಗೆ ನಡೆದವರಿಗೆ ದಾರಿಯಲ್ಲಿ ಒಂದು ಬೆಳಕು ಕಂಡರೆ ಏನನ್ನಿಸಬೇಡ!

ಭಾಗವತದ ರೇವತಿಯ ಕಥೆ ನೆನಪಿದೆಯಾ? ಕಕುದ್ಮಿ ರಾಜ ಮಗಳಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಹಾಡು ನಡೆಯುತ್ತಿತ್ತು, ಮುಗಿಯುವವರೆಗೆ ಕಾದ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿತ್ತು. ಅವನು ಮನಸ್ಸಲ್ಲಿಟ್ಟುಕೊಂಡ ವರಗಳ ಹೆಸರೂ ಉಳಿದಿರಲಿಲ್ಲ. ಜಪಾನಿನ ಉರಾಶಿಮಾ ಎಂಬ ಬೆಸ್ತ ಸಮುದ್ರದಡಿ ಅರಮನೆಯಲ್ಲಿ ಕೆಲವು ದಿನ ಇದ್ದು ಬಂದರೆ ಊರಲ್ಲಿ 300 ವರ್ಷ ಆಗಿತ್ತಂತೆ. ಬೇರೆ ಲೋಕಕ್ಕೆ ಹೋದವನಿಗೆ ಹೊತ್ತು ತಪ್ಪುವುದು ಎಲ್ಲ ಕಡೆಯೂ ಇದೆ.

ತೀರ್ಥಹಳ್ಳಿ ಓದುಗ

ಹೊತ್ತು ತಪ್ಪುವ ಮಾತು ಬಂದದ್ದು ಒಳ್ಳೆಯದಾಯಿತು. ಯುಎಫ್‌ಒ ಕಥೆಗಳಲ್ಲೂ ಅದೇ ಇದೆ. 1961ರ ಸೆಪ್ಟೆಂಬರ್ ರಾತ್ರಿ ನ್ಯೂ ಹ್ಯಾಂಪ್‌ಶೈರ್‌ನ ಬೆಟ್ಟದ ದಾರಿಯಲ್ಲಿ ಬೆಟ್ಟಿ ಮತ್ತು ಬಾರ್ನಿ ಹಿಲ್ ದಂಪತಿ ಕಾರಲ್ಲಿ ಬರುತ್ತಿದ್ದರು. ಒಂದು ಬೆಳಕು ಹಿಂಬಾಲಿಸಿತು. ಮನೆ ಸೇರಿದಾಗ ಎಣಿಸಿದ್ದಕ್ಕಿಂತ ಎರಡು ಗಂಟೆ ತಡ. ಕೆಲವೇ ದಿನಕ್ಕೆ ಬೆಟ್ಟಿ ಗ್ರಂಥಾಲಯದಿಂದ ಹಾರುವ ತಟ್ಟೆಗಳ ಬಗ್ಗೆ ಡೊನಾಲ್ಡ್ ಕೀಹೋ ಬರೆದ ಪುಸ್ತಕ ತಂದು ಓದಿದರು. ಆಮೇಲೆ ಕನಸು ಬೀಳತೊಡಗಿದವು, ತಮ್ಮನ್ನು ಎತ್ತಿಕೊಂಡು ಹೋಗಿ ಪರೀಕ್ಷೆ ಮಾಡಿದ ಹಾಗೆ. 1964ರ ಫೆಬ್ರವರಿ 22ರಂದು ಬಾರ್ನಿ ಸಂಮೋಹನದ ಸ್ಥಿತಿಯಲ್ಲಿ ಅನ್ಯಲೋಕದವರ, ತಲೆಯ ಪಕ್ಕದವರೆಗೂ ಸುತ್ತಿಕೊಂಡಂಥ ಕಣ್ಣುಗಳ ಬಗ್ಗೆ ಹೇಳಿದರು. ಅದಕ್ಕೆ 12 ದಿನ ಮೊದಲು ಟಿವಿಯ ಒಂದು ಧಾರಾವಾಹಿಯಲ್ಲಿ ಅಂಥದ್ದೇ ಕಣ್ಣಿನ ಜೀವಿ ಬಂದಿತ್ತು ಅಂತ ಮಾರ್ಟಿನ್ ಕಾಟ್‌ಮೇಯರ್ ಎಂಬ ಸಂಶೋಧಕರು ಮುಂದೆ ತೋರಿಸಿಕೊಟ್ಟರು. ತಾನು ಅದನ್ನು ನೋಡಿಲ್ಲ ಅಂತ ಬೆಟ್ಟಿ ಹೇಳಿದ್ದರು. ಅವರು ಸುಳ್ಳು ಹೇಳಿದರು ಅಂತ ನಾನು ಅನ್ನುವುದಿಲ್ಲ. ಅವರು ಕಪ್ಪು-ಬಿಳಿ ಜೋಡಿ. ಆ ಕಾಲದ ಅಮೆರಿಕದಲ್ಲಿ ನಿರ್ಜನ ರಾತ್ರಿಯ ರಸ್ತೆಯಲ್ಲಿ ಯಾರೋ ಹಿಂಬಾಲಿಸುವುದು ಅಂದರೆ ಅವರಿಗೆ ಎಂಥ ಭಯ ಇದ್ದಿರಬೇಕು ಅಂತ ಯೋಚಿಸಿ.

ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1958ರಲ್ಲಿ ಇದರ ಬಗ್ಗೆಯೇ ಒಂದು ಪುಸ್ತಕ ಬರೆದರು. ಅಣುಬಾಂಬಿನ ಭಯದಲ್ಲಿ ಬದುಕುವ ಜನ ಆಕಾಶದಿಂದ ಒಂದು ಪೂರ್ಣತೆಯ ರೂಪವನ್ನು ಬಯಸುತ್ತಾರೆ, ಆ ದುಂಡು ಆಕಾರ ಅದೇ ಅನ್ನುವ ಧಾಟಿ. ಎಲ್ಲ ಒಪ್ಪಬೇಕಿಲ್ಲ. ಭಯಕ್ಕೆ ರೂಪ ಬೇಕು ಅನ್ನುವುದನ್ನು ಮಾತ್ರ ಒಪ್ಪುತ್ತೇನೆ. 1990ರ ದಶಕದಲ್ಲಿ ನಮ್ಮ ರಾಜ್ಯದಲ್ಲೇ ಮನೆ ಬಾಗಿಲುಗಳ ಮೇಲೆ ‘ನಾಳೆ ಬಾ’ ಅಂತ ಬರೆದಿರಲಿಲ್ವಾ? ದೆವ್ವ ಓದಿಕೊಂಡು ವಾಪಸ್ ಹೋಗಲಿ ಅಂತ. 2002ರಲ್ಲಿ ಉತ್ತರ ಪ್ರದೇಶದ ಮಿರ್ಜಾಪುರ ಸುತ್ತ ‘ಮುಹ್‌ನೋಚ್ವಾ’ ಬಂತು. ರಾತ್ರಿ ಬೆಳಕು ಬೀರುತ್ತಾ ಹಾರಿಬಂದು ಮುಖ ಪರಚುತ್ತದೆ ಅಂತ ಹಳ್ಳಿಗೆ ಹಳ್ಳಿಯೇ ಕಾವಲು ಕೂತಿತು. ಅರ್ಧ ದೆವ್ವ, ಅರ್ಧ ಯಂತ್ರ.

ಕೊಪ್ಪದ ತೋಟದವಳು

ತೇಜಸ್ವಿಯವರ ಹೆಸರು ಇನ್ನೂ ಯಾಕೆ ಬರಲಿಲ್ಲ ಅಂತ ಕಾಯುತ್ತಿದ್ದೆ. ಮೂಡಿಗೆರೆಯಲ್ಲಿ ಕೂತು ‘ಫ್ಲೈಯಿಂಗ್ ಸಾಸರ್ಸ್’ ಅಂತ ಎರಡು ಭಾಗ ಬರೆದವರು ಅವರು. ಮಲೆನಾಡಿನ ಎಷ್ಟೋ ಮನೆಗಳಿಗೆ ಈ ವಿಷಯ ಮೊದಲು ಬಂದದ್ದು ಆ ಪುಸ್ತಕಗಳಿಂದಲೇ.

ಆದರೆ ಈ ಚರ್ಚೆಗೆ ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ‘ಕರ್ವಾಲೊ’. ಅಲ್ಲಿ ಹಾರುವ ಓತಿಯನ್ನು ಕಂಡವನು ಮಂದಣ್ಣ. ಊರಿನವರ ಕಣ್ಣಲ್ಲಿ ಅವನು ಯಾವ ಲೆಕ್ಕಕ್ಕೂ ಇಲ್ಲದವನು. ಅವನ ಮಾತನ್ನು ತಲೆಗೆ ಹಾಕಿಕೊಂಡವರು ವಿಜ್ಞಾನಿ ಕರ್ವಾಲೊ. ನಂಬಿದ್ದು ಮಾತ್ರವಲ್ಲ, ಹುಡುಕಲು ಕಾಡಿಗೆ ಹೊರಟರು. ಹೈನೆಕ್ ಮಿಶಿಗನ್‌ನಲ್ಲಿ ಮಾಡದೇ ಹೋದದ್ದು ಇದನ್ನೇ, ಅಲ್ವಾ? ನಮ್ಮ ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ತೇಲುವ ಓತಿಯನ್ನು ಈಗಲೂ ನೋಡಬಹುದು. ಪಕ್ಕೆಲುಬು ಬಿಚ್ಚಿದಾಗ ಚರ್ಮ ಹರಡಿಕೊಂಡು ರೆಕ್ಕೆ ಆಗುತ್ತದೆ. ಮರಕ್ಕೆ ಅಂಟಿ ಕೂತರೆ ತೊಗಟೆಯೇ. ಕಾಣದವರಿಗೆ ಇದೂ ಕಟ್ಟುಕಥೆ.

ಹಿನ್ನೀರಿನ ಮನೆ

ನಾನು ಇಲ್ಲಿ ಓದುವುದೇ ಹೆಚ್ಚು, ಬರೆಯುವುದು ಕಡಿಮೆ. ನಮ್ಮ ಅಮ್ಮನ ತವರು ಶರಾವತಿ ಕಣಿವೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಊರು ಮುಳುಗಿತು. ಅಮ್ಮ ಹೇಳುತ್ತಿದ್ದ ಕೊಳ್ಳಿದೆವ್ವಕ್ಕೆ ವಿಳಾಸ ಇತ್ತು. ಕೆಳಗಿನ ಗದ್ದೆಯ ತೂಬಿನ ಹತ್ತಿರ, ಚೌಡಿ ಬನದಿಂದ ಈಚೆಗೆ, ಸೋಣೆ ತಿಂಗಳ ಮಳೆ ಬಿಟ್ಟ ರಾತ್ರಿ. ಅದು ಕಂಡರೆ ಹೆಸರು ಹಿಡಿದು ಕರೆಯಬಾರದು, ಹಿಂದೆ ಹೋಗಬಾರದು, ದಾರಿ ಬಿಟ್ಟು ಗದ್ದೆಗೆ ಇಳಿಯಬಾರದು. ಮಕ್ಕಳಿಗೆ ಇದನ್ನೆಲ್ಲ ಕಲಿಸಿದ್ದರು. ಕತ್ತಲಲ್ಲಿ ಜೌಗಿಗೆ ಇಳಿದರೆ ಏನಾಗುತ್ತದೆ ಅಂತ ಗೊತ್ತಿದ್ದವರು ಮಾಡಿದ ನಿಯಮಗಳು ಅವು.

ಈಗ ನಮ್ಮ ಮಕ್ಕಳು ಹೇಳುವ ಏಲಿಯನ್‌ಗೆ ಊರಿಲ್ಲ, ತಿಂಗಳಿಲ್ಲ, ನಿಯಮ ಇಲ್ಲ. ಸಾಗರದಲ್ಲೂ ಅದೇ ದೊಡ್ಡ ತಲೆ, ಅಮೆರಿಕದಲ್ಲೂ ಅದೇ ದೊಡ್ಡ ತಲೆ. ಅಮ್ಮನ ಕಥೆ ಬರೆದಿಡದೆ ಹೋದರೆ ಆ ತೂಬು ಎಲ್ಲಿತ್ತು ಅಂತ ಹೇಳುವವರೂ ಇರುವುದಿಲ್ಲ. ನನಗೆ ಇದು ದೆವ್ವ ಇದೆಯೋ ಇಲ್ಲವೋ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ.

ತೀರ್ಥಹಳ್ಳಿ ಓದುಗ

ಅಕ್ಕ, ನೀವು ಹೇಳಿದ್ದು ನಾನು ಈ ಎಳೆ ಶುರು ಮಾಡಿದಾಗ ಹೇಳಬೇಕು ಅಂದುಕೊಂಡು ಮಾತು ಸಿಗದೆ ಬಿಟ್ಟದ್ದು. ಹಾಗಾದರೆ ಬರೆದಿಡೋಣ. ಹಿರಿಯರನ್ನು ಕೇಳುವಾಗ ‘ದೆವ್ವ ಕಂಡಿದ್ರಾ’ ಅಂತ ಶುರು ಮಾಡಬೇಡಿ. ಏನು ಕಂಡಿರಿ ಅಂತ ಕೇಳಿ. ಯಾವ ಜಾಗ, ಯಾವ ತಿಂಗಳು, ಮಳೆ ಇತ್ತೋ ಇಲ್ಲವೋ, ಯಾವ ದಿಕ್ಕು, ನೆಲದ ಹತ್ತಿರವೋ ಮರಕ್ಕಿಂತ ಮೇಲೋ, ಬಣ್ಣ, ಎಷ್ಟು ಹೊತ್ತು, ಜೊತೆಗೆ ಯಾರಿದ್ದರು. ಆಮೇಲೆ, ಅದನ್ನು ಮೊದಲು ಯಾರ ಬಾಯಲ್ಲಿ ಕೇಳಿದ್ದಿರಿ ಅಂತಲೂ ಕೇಳಿ. ಅವರ ಮಾತಲ್ಲೇ ಬರೆಯಿರಿ, ತಿದ್ದಬೇಡಿ.

ಭದ್ರಾವತಿಯಿಂದ

ನಾನು ನಂಬುವವನೇ, ಈಗಲೂ. ಆದರೆ ಈ ಕೆಲಸಕ್ಕೆ ನಾನಿದ್ದೇನೆ. ಲಕ್ಕವಳ್ಳಿ ಕಡೆ ನಮ್ಮ ಸಂಬಂಧಿಕರಿದ್ದಾರೆ, ಅವರ ಅಜ್ಜ ಭದ್ರಾ ದಂಡೆಯಲ್ಲಿ ಕಂಡ ಬೆಳಕಿನ ಬಗ್ಗೆ ಹೇಳುತ್ತಿರುತ್ತಾರೆ. ಅಜ್ಜ ಹೇಳಿದ್ದನ್ನು ಹಾಗೇ ಬರೆದು ತರುತ್ತೇನೆ. ನನ್ನ ಅಭಿಪ್ರಾಯ ಬೇರೆ ಪ್ಯಾರಾದಲ್ಲಿ ಹಾಕಬಹುದಾ?

ರಾತ್ರಿ ಆಕಾಶ, ಶಿವಮೊಗ್ಗ

ಖಂಡಿತ ಹಾಕಿ. ತಾರೀಖು ಮತ್ತು ಹೊತ್ತು ನೆನಪಿದ್ದರೆ ಕಳಿಸಿ, ಆ ರಾತ್ರಿ ಶುಕ್ರ, ಗುರು ಎಲ್ಲಿದ್ದವು ಅಂತ ಲೆಕ್ಕ ಹಾಕಿ ಕೊಡುತ್ತೇನೆ. ಹೊಂದದಿದ್ದರೆ ‘ಹೊಂದಲಿಲ್ಲ’ ಅಂತಲೇ ಬರೆಯೋಣ.